ಕತ್ತರಿಸಿದ ಬಿವಿಟ್

"ಇದನ್ನು ಕಟ್ಟಿಕೊಂಡು ಕುಣಿಯುವವನಿಗೆ ಎರಡು ರೆಕ್ಕೆ ಬೇಕು ಮಾರಾಯ್ತಿ!"

ಡಾಕ್ಟರ್ ಆಲೋಶಿಯಸ್ ನಗುತ್ತಿದ್ದರು. ಮಾಸ್ಕಿನ ಹಿಂದಿನ ನಗು ಕಣ್ಣಿಗೆ ಕಾಣುತ್ತಿರಲಿಲ್ಲ, ಭುಜದಲ್ಲಿ ಕಾಣುತ್ತಿತ್ತು. ಬೆರಳ ತುದಿಯಲ್ಲಿ ಹಿಡಿದ ಪ್ಲಾಸ್ಟಿಕ್ ಚೀಲವನ್ನು ಅವರು ಒಮ್ಮೆ ಅಲುಗಿಸಿದರು. ಒಳಗಿನ ಪುಟ್ಟ ಗಂಟೆ ಚೀಲವನ್ನೂ ಮೀರಿ ಕಿಣಿಗುಟ್ಟಿತು.

ವಂದನಾ ಕಾರಿನೊಳಗೇ ಕೂತಿದ್ದಳು. ಕಿಟಕಿಯ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದ್ದಳು, ಅಷ್ಟೆ. ಲಾಕ್‌ಡೌನ್ ಶುರುವಾದ ಮೇಲೆ ಪಶುವೈದ್ಯರ ಬಳಿ ನಾಯಿಬೆಕ್ಕುಗಳಿಗೆ ಮಾತ್ರ ಒಳಗೆ ಪ್ರವೇಶ. ಸಾಕಿದವರು ಕಾರ್ ಪಾರ್ಕಿನಲ್ಲೇ ಕಾಯಬೇಕು. ಪಕ್ಕದ ಕಾರಿನಲ್ಲಿ ಒಬ್ಬ ಅಜ್ಜಿ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಜಪಮಣಿ ಎಣಿಸುತ್ತಿದ್ದಳು.

"ಹಾಗಾದ್ರೆ ಇದು ಗೆಜ್ಜೆ ಅಲ್ವಾ ಡಾಕ್ಟ್ರೇ?"

"ಗೆಜ್ಜೆಯೇ. ಮನುಷ್ಯರದ್ದಲ್ಲ, ಅಷ್ಟೇ. ಗಿಡುಗದ ಕಾಲಿಂದು."

ವಂದನಾಳ ಕಿವಿ ಬಿಸಿಯಾಯಿತು. ಇಂಥದ್ದೇನೋ ಕೇಳಬೇಕಾಗುತ್ತದೆ ಎಂದು ಅವಳಿಗೆ ರಾತ್ರಿಯಿಂದಲೇ ಅಳುಕಿತ್ತು. ಅಳುಕು ನಿಜವಾದಾಗ ಮಾತ್ರ ಮೈಯೆಲ್ಲ ಒಂದು ಥರ ಹಗುರಾಗಿ, ಕೂತ ಸೀಟೇ ತನ್ನದಲ್ಲ ಎನ್ನಿಸಿತು.

ಸಂಕ್ರಾಂತಿಯ ಮರುದಿನ, ಡಬ್ಲಿನ್ನಿನ ಕನ್ನಡ ಸಂಘದ ಝೂಮ್ ಸಭೆಯಲ್ಲಿ, ಪರದೆಯ ತುಂಬ ಮುಖಗಳು ಎಳ್ಳುಬೆಲ್ಲ ಅಗಿಯುತ್ತಿದ್ದಾಗ ಅವಳು ಇದೇ ಗಂಟೆಯನ್ನು ಎತ್ತಿ ಹಿಡಿದಿದ್ದಳು. "ವೆಂಕಟೇಶಮೂರ್ತಿ ಅವರು ಪೆಟ್ಟಾಗಿ ಬಿದ್ದಿದ್ರಲ್ಲ, ಆ ಬಾಲ್ಕನಿಯಲ್ಲಿ ಸಿಕ್ಕಿದ್ದು. ನಮ್ಮಲ್ಲಿ ಗೆಜ್ಜೆ ಕಟ್ಟೋರು ಯಾರಿದಾರೆ?" ಎಂದು ಕೇಳಿದ್ದಳು. ಕೇಳಿ ಸುಮ್ಮನಾಗಿದ್ದರೂ ಆಗುತ್ತಿತ್ತು. "ಅನಂತಕೃಷ್ಣ ಅವರು ಏನಾದ್ರೂ ಹೇಳ್ತಾರಾ?" ಎಂದು ಹೆಸರು ಹಿಡಿದೇ ಕೂಗಿದ್ದಳು.

ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಬಯಲಿಗೆಳೆಯುವುದು ಅವಳ ಕೆಲಸ. ಸಂಘದವರು ಪ್ರೀತಿಯಿಂದ "ನಮ್ಮ ಪತ್ತೇದಾರಿ" ಎನ್ನುತ್ತಿದ್ದರು. ಆ ಹೆಸರಿನ ಹಮ್ಮು ಆ ಸಂಜೆ ಅವಳ ನಾಲಿಗೆಯ ಮೇಲೆ ಕೂತಿತ್ತು.

ಅನಂತಕೃಷ್ಣ ಕುಂದಾಪುರದ ಕಡೆಯವರು. ಡಬ್ಲಿನ್ನಿನಿಂದ ದೂರದ ಅತ್ಲೋನಿನಲ್ಲಿ ಸಾಫ್ಟ್‌ವೇರ್ ಕೆಲಸ, ಶನಿವಾರ ಸಂಘದ ಮಕ್ಕಳಿಗೆ ಆನ್‌ಲೈನಿನಲ್ಲಿ ಯಕ್ಷಗಾನದ ಹೆಜ್ಜೆ. ಕ್ರಿಸ್‌ಮಸ್ಸಿಗೆ ಮುಂಚೆ ವೆಂಕಟೇಶಮೂರ್ತಿಯವರ ಜೊತೆ ಎಲ್ಲರೆದುರು ಜಗಳವಾಡಿದ್ದರು. ಗೆಜ್ಜೆಯೂ ಇತ್ತು, ಜಗಳವೂ ಇತ್ತು. ಇನ್ನೇನು ಬೇಕು?

ಅದರ ನಂತರ ಒಬ್ಬೊಬ್ಬ ತಾಯಿಯೂ ಮಗುವಿಗೆ ಹೋಮ್‌ವರ್ಕ್ ಜಾಸ್ತಿ ಎಂದು ಮೆಸೇಜು ಹಾಕಿ ತರಗತಿ ಬಿಡಿಸಿದಳು. ಯಾರೋ ಇಲ್ಲಿಯ ಪೊಲೀಸರಾದ ಗಾರ್ಡಾಗಳಿಗೆ ಫೋನು ಮಾಡಿದರು. ಸಮವಸ್ತ್ರದ ಇಬ್ಬರು ಅತ್ಲೋನಿನ ಅವರ ಬಾಗಿಲಲ್ಲಿ ನಿಂತು, ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗಬಾರದೆಂಬ ನಿಯಮ ಮುರಿದು ಡಬ್ಲಿನ್ನಿಗೆ ಹೋಗಿದ್ದಿರಾ ಎಂದು ಕೇಳಿದರು. ಅದೂ ವರ್ಕ್ ಪರ್ಮಿಟ್ ನವೀಕರಣಕ್ಕೆ ಅರ್ಜಿ ಹೋಗಿದ್ದ ತಿಂಗಳಲ್ಲಿ. ಪೊಲೀಸರ ಕಡತದಲ್ಲಿ ಹೆಸರು ಉಳಿದರೆ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕಾದೀತು.

"ಗಂಟೆಗಿಂತ ಈ ತೊಗಲಿನ ಪಟ್ಟಿ ನೋಡು," ಡಾಕ್ಟರು ಚೀಲವನ್ನು ಗಾಜಿಗೆ ಒತ್ತಿ ಹಿಡಿದರು. "ಗಂಟೆಯನ್ನ ಹಕ್ಕಿ ಕಾಲಿಗೆ ಕಟ್ಟುವುದು ಇದರಲ್ಲಿ. ಗಿಡುಗ ಸಾಕುವವರು ಇದಕ್ಕೆ ಬಿವಿಟ್ ಅಂತಾರೆ."

"ಬಿವಿಟ್?"

"ಕೇಳಿಲ್ಲ ಅಲ್ವಾ? ಇಲ್ಲಿಯವರೂ ಹೆಚ್ಚಿನವರು ಕೇಳಿಲ್ಲ ಬಿಡು. ನಾರ್ಮನ್ನರು ಕುದುರೆ, ಗಿಡುಗ ಎಲ್ಲ ತಂದ್ರಲ್ಲ, ಆಗ ಶಬ್ದಗಳೂ ಬಂದವು. ಹಳೇ ಫ್ರೆಂಚಿನಲ್ಲಿ ಬುಯೆ ಅಂತ ಒಂದುಂಟು. ಅದರಿಂದ ಬಂದಿರಬೇಕು ಅಂತ ನಿಘಂಟಿನವರ ಊಹೆ. ಅದಕ್ಕೂ ಹಿಂದೆ ಲ್ಯಾಟಿನ್ನಿನ ಬೊಯಾ."

"ಅಂದ್ರೆ?"

"ಸಂಕೋಲೆ. ಕೈದಿಗಳ ಕುತ್ತಿಗೆಗೆ, ಕಾಲಿಗೆ ಹಾಕ್ತಿದ್ರಲ್ಲ, ಅದು. ಮನುಷ್ಯನ ಕಾಲಿಂದ ಇಳಿದು ಇಳಿದು ಕಡೆಗೆ ಹಕ್ಕಿ ಕಾಲಿಗೆ ಇಷ್ಟು ಸಣ್ಣದಾಗಿ ಬಂದು ಕೂತಿದೆ. ಈಗ ಇದರ ತೂಕ ಹಕ್ಕಿಗೂ ಗೊತ್ತಾಗುವುದಿಲ್ಲ."

ಡಾಕ್ಟರಿಗೆ ಇಂಥ ಮಾತೆಂದರೆ ಹಬ್ಬ. ಮಂಗಳೂರಿನಿಂದ ಬಂದು ಮೂವತ್ತು ವರ್ಷ ಇಲ್ಲಿ ಪ್ರಾಣಿಗಳ ವೈದ್ಯರಾಗಿ, ಹಕ್ಕಿಗಳ ವೈದ್ಯಕ್ಕೆ ಹೆಸರು ಮಾಡಿ, ಸಂಘದ ಸ್ಮರಣಸಂಚಿಕೆಗೆ ವರ್ಷವೂ ಯಾರೂ ಓದದ ಒಂದು ಲೇಖನ ಬರೆಯುತ್ತಿದ್ದರು.

ವಂದನಾ ಪಟ್ಟಿಯನ್ನು ನೋಡಿದಳು. ಕಿರುಬೆರಳಿಗಿಂತ ಕಿರಿದು. ಇದನ್ನು ತಾನು ಒಬ್ಬ ಮನುಷ್ಯನಿಗೆ ತೊಡಿಸಿ ಊರೆಲ್ಲ ಮೆರವಣಿಗೆ ಮಾಡಿಸಿದ್ದೆ.

"ತುದಿ ನೋಡು," ಎಂದರು ಡಾಕ್ಟರು. "ಏನು ಕಾಣ್ತದೆ?"

"ನೇರವಾಗಿದೆ."

"ಗಿಡುಗ ತಾನೇ ಕೊಕ್ಕಲ್ಲಿ ಕಚ್ಚಿ ಹರಿದಿದ್ರೆ ಹೀಗಿರುವುದಿಲ್ಲ. ನಾಯಿ ಅಗಿದ ಚಪ್ಪಲಿ ಥರ ಎಳೆ ಎಳೆ ಬರ್ತದೆ. ಇದು ಕತ್ತರಿ. ಒಂದೇ ಸಲ."

"ಯಾಕೆ ಕತ್ತರಿಸ್ತಾರೆ?"

"ಗರಿ ಉದುರುವ ಕಾಲಕ್ಕೆ ಸಾಕಿದವರೇ ಬಿವಿಟ್ ಕತ್ತರಿಸಿ ಗಂಟೆ ತೆಗೀತಾರೆ. ಅದು ಬೇಸಿಗೆಯಲ್ಲಿ. ಜನವರಿಯಲ್ಲಿ ಕತ್ತರಿಸುವವನು ಕಳ್ಳ. ಗಂಟೆ ಸದ್ದು ಮಾಡ್ತದೆ. ಹಕ್ಕಿ ಎಲ್ಲುಂಟು ಅಂತ ಹೇಳುವ ರೇಡಿಯೋ ತುಂಡೂ ಇಂಥದೇ ಬಿವಿಟ್‌ನಲ್ಲಿ ಇರ್ತದೆ. ಎರಡೂ ಹೋದ್ರೆ ಹಕ್ಕಿ ಯಾರದೂ ಅಲ್ಲ. ಸಾವಿರಗಟ್ಟಲೆ ಯೂರೋಗೆ ಮಾರ್ಲಿಕ್ಕಾಗ್ತದೆ."

ಆಸ್ಪತ್ರೆಯ ಬಾಗಿಲಿಂದ ನರ್ಸ್ ಹುಡುಗಿ ತಲೆ ಹಾಕಿ ಬೆಕ್ಕು ಎಚ್ಚರಾಯಿತೆಂದು ಕೂಗಿದಳು. "ಗ್ರ್ಯಾಂಡ್, ಗ್ರ್ಯಾಂಡ್," ಎಂದು ಡಾಕ್ಟರು ಸರಿಸರಿಯೆಂಬಂತೆ ಕೈಯಾಡಿಸಿದರು. ಪಕ್ಕದ ಕಾರಿನ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ಇನ್ನೊಂದು," ಡಾಕ್ಟರು ಬಗ್ಗಿದರು. "ಕೈ ಮೇಲಿನ ಗಿಡುಗದ ಬಿವಿಟ್ ಒಬ್ಬನೇ ಕತ್ತರಿಸ್ಲಿಕ್ಕೆ ಆಗುವುದಿಲ್ಲ. ಒಬ್ಬ ಟವೆಲ್ ಸುತ್ತಿ ರೆಕ್ಕೆ ಒತ್ತಿ ಹಿಡೀಬೇಕು. ಇನ್ನೊಬ್ಬ ಕತ್ತರಿ ಹಾಕ್ಬೇಕು. ಹಿಡಿದವನಿಗೆ ಉಗುರು ಚುಚ್ಚುವುದು ಖಂಡಿತ. ಕತ್ತರಿಸಿದವನಿಗೆ ಗೀರು ಕೂಡ ಬೀಳ್ಲಿಕ್ಕಿಲ್ಲ."

ವಂದನಾ ಕಣ್ಣು ಮುಚ್ಚಿದಳು. ವೆಂಕಟೇಶಮೂರ್ತಿ ತಲೆಗೆ ಪೆಟ್ಟು ಬಿದ್ದು ಇನ್ನೂ ವೆಂಟಿಲೇಟರಿನಲ್ಲಿದ್ದರು. ಅವರ ಎರಡೂ ಮುಂಗೈಗಳಲ್ಲಿ ಆಳವಾದ ತೂತುಗಳಿವೆ ಎಂದು ಆಸ್ಪತ್ರೆಯ ನರ್ಸ್ ಫೋನಿನಲ್ಲಿ ಹೇಳಿದ್ದಳು. ಜಾರಿ ಬಿದ್ದಿದ್ದಾರೆ ಎಂದು ಗಾರ್ಡಾಗಳು ಕೈ ತೊಳೆದುಕೊಂಡಾಗ, ಮೈಸೂರಿನಲ್ಲಿ ವಿಮಾನವಿಲ್ಲದೆ ಸಿಕ್ಕಿಬಿದ್ದಿದ್ದ ಅವರ ಹೆಂಡತಿ ವಸುಂಧರಾ ಇವಳಿಗೇ ಅಳುತ್ತ ಹೇಳಿದ್ದರು, "ನೀನಾದ್ರೂ ನೋಡು ತಾಯಿ." ವಂದನಾ ನೋಡಿದ್ದಳು. ಆ ತೂತುಗಳು ಹೂಕುಂಡದ ತಂತಿಯಿಂದ ಆದವು, ಅನಂತಕೃಷ್ಣ ತಳ್ಳಿದಾಗ ಇವರು ಕುಂಡ ಹಿಡಿದುಕೊಂಡಿರಬೇಕು ಎಂದು ವಿವರಣೆಯನ್ನೂ ಕೊಟ್ಟಿದ್ದಳು. ಎಷ್ಟು ಚೆನ್ನಾಗಿ ಕೂತಿತ್ತು ಆ ವಿವರಣೆ.

"ಅಂದ್ರೆ ಮೂರ್ತಿ ಅವರೇ ಗಿಡುಗನ ಹಿಡ್ಕೊಂಡಿದ್ರು."

"ನೀನೇ ಹೇಳಿದ್ದು. ನಾನಲ್ಲ."

"ಯಾರದು ಆ ಹಕ್ಕಿ?"

ಡಾಕ್ಟರು ತಲೆಯೆತ್ತಿ ಎದುರಿನ ಬಿಸಿನೆಸ್ ಪಾರ್ಕಿನ ಕಡೆ ನೋಡಿದರು. ವರ್ಷದಿಂದ ಜನವಿಲ್ಲದ ಗಾಜಿನ ಕಟ್ಟಡಗಳ ತಲೆಯ ಮೇಲೆ ಕಡಲಕಾಗೆಗಳು ಸಂತೆ ನೆರೆದಿದ್ದವು. "ಈ ಶನಿಗಳನ್ನ ಓಡಿಸ್ಲಿಕ್ಕೆ ಒಬ್ಬ ಗುತ್ತಿಗೆದಾರ ಹೆಣ್ಣು ಗಿಡುಗ ಹಾರಿಸ್ತಿದ್ದ. ಹೊಸ ವರ್ಷ ಆದ್ಮೇಲೆ ಅದು ವಾಪಸ್ ಬರ್ಲಿಲ್ಲ. ಕಾಲಿಗೆ ಹುಣ್ಣಾಗಿತ್ತು, ನನ್ನ ಹತ್ರವೇ ಔಷಧಿ. ಆ ಬಿವಿಟ್ ಕಟ್ಟಿದ್ದೂ ನಾನೇ. ಕಾಂಗರೂ ತೊಗಲು. ಮೆತ್ತಗೆ ಇರ್ತದೆ."

ಮಾತು ಮುಗಿದ ಮೇಲೆ ಅದರ ಅರ್ಥ ಅವರಿಗೂ ತಟ್ಟಿತೆಂದು ಕಾಣುತ್ತದೆ. ಭುಜದಲ್ಲಿ ಇದ್ದ ನಗು ಹೋಯಿತು.

ವಂದನಾ ಗಾಜನ್ನು ಪೂರ್ತಿ ಇಳಿಸಿದಳು.

"ಡಾಕ್ಟ್ರೇ, ಸಂಕ್ರಾಂತಿ ಝೂಮ್‌ನಲ್ಲಿ ನೀವೂ ಇದ್ರಿ."

"ಇದ್ದೆ."

"ನಾನು ಗಂಟೆ ತೋರಿಸಿದಾಗ ಕ್ಯಾಮೆರಾಗೆ ಎಷ್ಟು ಹತ್ತಿರ ಹಿಡಿದಿದ್ದೆ! ನಿಮ್ಮ ಕೈಯಾರೆ ಕಟ್ಟಿದ್ದು. ನಿಮಗೆ ಗೊತ್ತಾಯ್ತು."

ಡಾಕ್ಟರು ಚೀಲವನ್ನು ಮುಷ್ಟಿಯೊಳಗೆ ಮಡಚಿಕೊಂಡರು.

"ನಾನು ಅನಂತಣ್ಣನ ಹೆಸರು ಹೇಳ್ದೆ. ನಿಮ್ಮ ಬಾಯಲ್ಲಿ ಎಳ್ಳುಬೆಲ್ಲ ಇತ್ತಾ, ಇನ್ನೇನಾದ್ರೂ ಇತ್ತಾ?"

"ಸ್ವರ ಸಣ್ಣ ಮಾಡು ಮಾರಾಯ್ತಿ."

"ಮಾಡಲ್ಲ. ನನಗೆ ಗೊತ್ತಿರಲಿಲ್ಲ, ನಾನು ಮೂರ್ಖಿ. ನಿಮಗೆ ಗೊತ್ತಿತ್ತು."

ಅಜ್ಜಿ ಈಗ ಜಪಮಣಿ ನಿಲ್ಲಿಸಿ ಇವರ ಕಡೆಯೇ ತಿರುಗಿದ್ದಳು. ಭಾಷೆ ಗೊತ್ತಿಲ್ಲದಿದ್ದರೂ ಜಗಳ ಗೊತ್ತಾಗದೆ ಇರುತ್ತದೆಯೇ?

"ಆ ಸಂಜೆ ಮೂರ್ತಿ ನನಗೆ ಫೋನ್ ಮಾಡಿದ್ರು," ಎಂದರು ಡಾಕ್ಟರು. ಅವರ ಕನ್ನಡಕದ ಮೇಲೆ ಮಂಜು ಕಟ್ಟಿತ್ತು, ಕಣ್ಣು ಕಾಣಲಿಲ್ಲ. "ಬಾಲ್ಕನಿ ಕಂಬಿ ಮೇಲೆ ಗಿಡುಗ ಕೂತಿದೆ, ಕಾಲಲ್ಲಿ ಗಂಟೆ ಉಂಟು, ಎಂತ ಮಾಡುವುದು ಅಂತ. ಟವೆಲ್ ಹಾಕಿ ಹಿಡೀರಿ, ಒಬ್ರೇ ಬೇಡ, ಜೊತೆಗೆ ಯಾರನ್ನಾದ್ರೂ ಕರೀರಿ ಅಂದೆ. ನಾನು ಹೋಗುವ ಹಾಗಿರ್ಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಹೆಲೆನ್‌ಗೆ ಕೋವಿಡ್. ಎಲ್ಲರೂ ಕೂಡಿಹಾಕಿಕೊಂಡಿದ್ದೆವು. ಮರುದಿನ ಅವರು ಬಿದ್ದಿದ್ದಾರೆ ಅಂತ ಗೊತ್ತಾಯ್ತು. ಹಿಡೀಲಿಕ್ಕೆ ಹೇಳಿಕೊಟ್ಟವನು ನಾನು. ಎಲ್ಲರೆದುರು ಹೇಗೆ ಬಾಯಿ ಬಿಡುವುದು? ನನ್ನ ಲೈಸೆನ್ಸ್, ನನ್ನ ಹೆಸರು..."

"ಅನಂತಣ್ಣನಿಗೂ ಒಂದು ಹೆಸರಿತ್ತು."

"ಅದನ್ನ ಕೂಗಿದ್ದು ನೀನು," ಎಂದರು ಡಾಕ್ಟರು ಮೆಲ್ಲಗೆ.

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ವಂದನಾ ಸ್ಟಿಯರಿಂಗಿನ ಕಡೆ ಮುಖ ತಿರುಗಿಸಿದಳು.

"ಎರಡನೆಯವನನ್ನ ಹುಡುಕು," ಡಾಕ್ಟರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಕತ್ತರಿ ಹಿಡಿದವನು. ಬೇರೆಯವರ ಮನೆಗೆ ಕಾಲಿಡಬಾರದು ಅಂತ ನಿಯಮ ಇರುವಾಗ ಮೂರ್ತಿ ದೂರದವನನ್ನ ಕರೀಲಿಕ್ಕಿಲ್ಲ. ಅದೇ ಕಟ್ಟಡದವನು ಇರಬೇಕು. ಲಿಫ್ಟಲ್ಲಿ ಹತ್ತಿ ಬಂದವನು. ಇದರ ತುದಿಯನ್ನ ಮೈಕ್ರೋಸ್ಕೋಪಲ್ಲಿ ಫೋಟೋ ತೆಗೆದು ತರ್ತೇನೆ, ಗಾರ್ಡಾಗಳಿಗೆ ಕೊಡ್ಲಿಕ್ಕಾಗ್ತದೆ. ಕೂತಿರು."

ಅವರು ಒಳಗೆ ಹೋದರು.

ಕೂತಿರುವುದು ವಂದನಾಳಿಗೆ ಆಗಲಿಲ್ಲ. ಗಾರ್ಡಾಗಳಿಗೆ ಆಮೇಲೆ, ಮೊದಲು ಅನಂತಕೃಷ್ಣ ಅವರಿಗೆ ಹೇಳಬೇಕು. ಹೆಸರು ಹುಡುಕಿ ಒತ್ತಿದಳು. ಅವರು ಫೋನ್ ಎತ್ತದಿರಲಿ ಎಂದು ಒಂದು ಮನಸ್ಸು ಹಾರೈಸುತ್ತಿತ್ತು.

"ಹೇಳಿ ವಂದನಾ ಅವರೇ."

ವಾರದ ಹಿಂದಿನವರೆಗೆ "ಎಂತ ಮಾರಾಯ್ತಿ, ಊಟ ಆಯ್ತಾ ನಿಂದು?" ಎನ್ನುತ್ತಿದ್ದ ದನಿ. ಈಗ ಬಹುವಚನ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅನಂತಣ್ಣ, ಅದು ನಿಮ್ಮ ಗೆಜ್ಜೆ ಅಲ್ಲ. ನಾನು ತಪ್ಪು ಮಾಡ್ದೆ. ಅದು ಗಿಡುಗದ..."

"ಗೊತ್ತುಂಟು."

"ಏನು?"

"ಗಿಡುಗ ಅಂತ ಗೊತ್ತುಂಟು. ನಾನು ನೋಡಿದ್ದೇನೆ."

ಕಾರಿನ ಛಾವಣಿಯ ಮೇಲೆ ಸೋನೆ ಸದ್ದು ಮಾಡತೊಡಗಿತು. ವಂದನಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಮೂರ್ತಿಯವರು ಆ ಸಂಜೆ ವಿಡಿಯೋ ಕಾಲ್ ಮಾಡಿದ್ರು. ನಮ್ಮ ಜಗಳ ಹೊಸ ವರ್ಷಕ್ಕೇ ಮುಗಿದಿತ್ತು. ನೀವು ಅದನ್ನೂ ಕೇಳ್ಲಿಲ್ಲ, ಇರ್ಲಿ. 'ನೋಡಿ ಅನಂತಕೃಷ್ಣ, ನಿಮ್ಮ ಪ್ರಸಂಗದ ಗರುಡ ನಮ್ಮನೆಗೇ ಬಂದಿದ್ದಾನೆ' ಅಂತ ತೋರಿಸಿದ್ರು. ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ರು. ಆಮೇಲೆ ಫೋನ್ ಎಲ್ಲೋ ಇಟ್ರು, ಕಾಲ್ ಕಟ್ ಆಯ್ತು."

"ಮೂರ್ತಿ ಅವರ ಕೈಯಲ್ಲಿ ಹಕ್ಕಿ ಇದ್ರೆ ಫೋನ್ ಯಾರು ಹಿಡ್ಕೊಂಡಿದ್ರು?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ಅನಂತಣ್ಣ."

"ಬಿಟ್ಟುಬಿಡಿ. ನನ್ನದು ಹೇಗೋ ಆಗ್ತದೆ."

"ಯಾರು ಅಂತ ಹೇಳಿ."

"ನಿಮ್ಮ ಯಜಮಾನರು. ಫೋನಿನ ಹಿಂದಿಂದ ಅವರ ದನಿ ಕೇಳಿದೆ."

ವಂದನಾ ನಕ್ಕುಬಿಟ್ಟಳು. ಅದು ನಗುವಲ್ಲವೆಂದು ಅವಳಿಗೇ ಕೇಳಿಸಿತು. ಚಿರಾಗ್. ಅದೇ ಕಟ್ಟಡ, ವೆಂಕಟೇಶಮೂರ್ತಿಯವರ ಮನೆಗಿಂತ ಎರಡು ಮಹಡಿ ಕೆಳಗೆ. ಆ ಸಂಜೆ ಅವಳು ಮಲಗುವ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಯಾರದೋ ಸುಳ್ಳು ಕ್ಲೇಮಿನ ವಿಚಾರಣೆ ನಡೆಸುತ್ತಿದ್ದಳು. ಅಡುಗೆಮನೆಯ ಮೇಜಿನಲ್ಲಿ ಅವನು ಲ್ಯಾಪ್‌ಟಾಪಿನೆದುರು ಕೂತಿದ್ದಾನೆಂದೇ ಎಣಿಸಿದ್ದಳು. ಕೂತಿದ್ದಾನೋ ಇಲ್ಲವೋ ಎಂದು ಬಾಗಿಲು ತೆರೆದು ನೋಡುವ ಪತ್ತೇದಾರಿಕೆ ಅವಳಿಗೆ ತಿಳಿದಿರಲಿಲ್ಲ.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ? ಅಷ್ಟು ಜನರ ಮುಂದೆ ನಾನು ನಿಮ್ಮನ್ನ..."

"ಅವರು ನಿಮ್ಮ ಪಕ್ಕದಲ್ಲೇ ಕೂತಿದ್ರಲ್ಲ. ಒಂದೇ ಚೌಕದೊಳಗೆ. ನೀವು ಗಂಟೆ ಎತ್ತಿ ಹಿಡಿದಿದ್ದೀರಿ, ಅವರು ತಲೆ ತಗ್ಗಿಸಿದ್ರು. ತುಂಬಿದ ಸಭೆಯಲ್ಲಿ ಒಂದು ಹೆಣ್ಣುಮಗಳ ಮರ್ಯಾದೆ ತೆಗೀಲಿಕ್ಕೆ ನನಗೆ ಬಾಯಿ ಬರ್ಲಿಲ್ಲ."

ಅನಂತಕೃಷ್ಣ ಇದನ್ನು ಚುಚ್ಚಲೆಂದು ಹೇಳಲಿಲ್ಲ. ಅದೇ ಅವಳನ್ನು ಮುಗಿಸಿತು. ಅವಳಿಗೆ ಬಾಯಿ ಬಂದಿತ್ತು. ಬಾಯಿ ಬಂದದ್ದಷ್ಟೇ ಅಲ್ಲ, ರುಚಿಯೂ ಹತ್ತಿತ್ತು.

"ಗ್ರೂಪಲ್ಲಿ ಈಗಲೇ ಬರೀತೀನಿ," ಎಂದಳು.

"ಬೇಡ. ಮೊದಲು ಮನೆಗೆ ಹೋಗಿ ಅವರನ್ನ ಕೇಳಿ. ಸಾವಧಾನ."

"ನಿಮ್ಮನ್ನ ನಾನು ಮೊದಲು ಕೇಳಿದ್ನಾ?"

ಫೋನ್ ಇಟ್ಟಳು. ಸಂಘದ ವಾಟ್ಸಾಪ್ ಗುಂಪು ತೆರೆದಳು. ಯಾರೋ ಬಾಳೆಹಣ್ಣಿನ ಬ್ರೆಡ್ಡಿನ ಚಿತ್ರ ಹಾಕಿದ್ದರು. ಅದರ ಕೆಳಗೆ ಬರೆಯತೊಡಗಿದಳು.

"ಅನಂತಕೃಷ್ಣ ಅವರ ಮೇಲೆ ನಾನು ಹೊರಿಸಿದ್ದು ಸುಳ್ಳು. ಬಾಲ್ಕನಿಯಲ್ಲಿ ಸಿಕ್ಕಿದ್ದು ಗಿಡುಗದ ಗಂಟೆ. ಆ ಸಂಜೆ ಅವರು ಅತ್ಲೋನಿನ ಮನೆಯಲ್ಲೇ ಇದ್ದರು. ನಿಮ್ಮೆಲ್ಲರ ಮುಂದೆ ಕ್ಷಮೆ ಕೇಳುತ್ತೇನೆ, ಗಾರ್ಡಾಗಳಿಗೂ ಬರೆದು ಕೊಡುತ್ತೇನೆ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹಾಗಾದರೆ ಯಾರು ಎಂದು ಕೇಳದೆ ಬಿಡುವ ಗುಂಪಲ್ಲ ಅದು. ಉತ್ತರ ಸಿಗದಿದ್ದರೆ ಅನುಮಾನ ಮತ್ತೆ ಹೋಗಿ ಅತ್ಲೋನಿನ ಬಾಗಿಲಲ್ಲೇ ಮಲಗುತ್ತದೆ.

"ವೆಂಕಟೇಶಮೂರ್ತಿ ಅವರ ಜೊತೆ ಇದ್ದದ್ದು ನನ್ನ ಗಂಡ."

ಚಿರಾಗ್ ಎಂದು ಬರೆಯುವಾಗ ಹೆಬ್ಬೆರಳು ನಿಂತಿತು. ಅನಂತಕೃಷ್ಣ ಎನ್ನುವಾಗ ನಾಲಿಗೆ ನಿಂತಿರಲಿಲ್ಲ. ಬರೆದಳು. ಕಳಿಸಿದಳು.

ಓದಿದವರ ಪಟ್ಟಿ ತೆರೆದಳು. ಒಂದೊಂದೇ ಹೆಸರು ನೀಲಿ ಗುರುತಿನ ಕೆಳಗೆ ಸೇರಿತು. ಗುಂಪಿಗೆ ಮರಳಿದಳು.

ಆಮೇಲೆ ಮೇಲಿನ ಪಟ್ಟಿಯಲ್ಲಿ ಚಿರಾಗ್ ಟೈಪ್ ಮಾಡುತ್ತಿದ್ದಾನೆ ಎಂದು ಕಂಡಿತು. ಅಳಿಸಿಹೋಯಿತು. ಮತ್ತೆ ಕಂಡಿತು. ಅವಳಿಗೆ ಫೋನು ಮಾಡಬಹುದಿತ್ತು ಅವನು. ಮಾಡಲಿಲ್ಲ. ಹೆಂಡತಿ ಎಲ್ಲರೆದುರು ಹೇಳಿದ್ದಕ್ಕೆ ಎಲ್ಲರೆದುರೇ ಉತ್ತರ ಬಂತು.

"ಹೌದು, ಕತ್ತರಿಸಿದ್ದು ನಾನೇ. ಎಲ್ಲಿ ಕತ್ತರಿ ಇಡಬೇಕು ಅಂತ ಅಲ್ಲಿದ್ದ ಮೂರನೆಯವರು ಪಕ್ಕದಲ್ಲೇ ನಿಂತು ಹೇಳಿಕೊಟ್ರು. ಕಾಲಿಗೆ ಹುಣ್ಣಾಗಿದೆ, ಬಿಗಿ ಬಿಡಿಸ್ಬೇಕು ಅಂದ್ರು. ನಂಬಿದೆ. ನಾನು ಕೆಳಗೆ ಇಳಿದು ಬರುವಾಗ ಮೂರ್ತಿ ಅವರು ನಿಂತೇ ಇದ್ರು, 'ಹಕ್ಕಿ ಕೊಡಲ್ಲ, ಅದರ ಯಜಮಾನನಿಗೇ ಕೊಡ್ತೀನಿ' ಅಂತ ಅವರ ಮೇಲೆ ಕೂಗಾಡ್ತಿದ್ರು. ಬೇರೆಯವರ ಮನೆಗೆ ಹೋಗಿದ್ದು ಗೊತ್ತಾದ್ರೆ ದಂಡ ಬೀಳುತ್ತೆ, ಪರ್ಮಿಟ್ ಹೋಗುತ್ತೆ ಅಂತ ಆಮೇಲೆ ಆ ಮೂರನೆಯವರೇ ಹೆದರಿಸಿದ್ರು. ಹೆದರಿಕೊಂಡೆ. ಅವರು ಈ ಗುಂಪಿನಲ್ಲೇ ಇದ್ದಾರೆ."

ವಂದನಾ ಎರಡನೆಯ ಸಲ ಓದುತ್ತಿರುವಾಗಲೇ ಅದರ ಕೆಳಗೆ ಬೂದು ಬಣ್ಣದ ಸಾಲೊಂದು ತಾನಾಗಿ ಮೂಡಿತು.

ಡಾ. ಆಲೋಶಿಯಸ್ ಗುಂಪನ್ನು ತೊರೆದರು.

ಅವಳು ಕಾರಿನ ಬಾಗಿಲು ತೆರೆದು ಮಳೆಗೆ ಇಳಿದಳು. ಎದುರಿನ ಬಾಗಿಲಲ್ಲಿ ನರ್ಸ್ ಹುಡುಗಿ ಬೆಕ್ಕನ್ನು ಎತ್ತಿಕೊಂಡು, ಡಾಕ್ಟರ್ ಎಲ್ಲಿ ಎಂದು ಅತ್ತಿತ್ತ ನೋಡುತ್ತಿದ್ದಳು. ಕಟ್ಟಡದ ಹಿಂದೆ ಎಂಜಿನ್ನು ಗುರುಗುಟ್ಟಿತು. ಬೆಳ್ಳಿ ಬಣ್ಣದ ಕಾರೊಂದು ಪಕ್ಕದ ಗೇಟಿನಿಂದ ನುಗ್ಗಿ, ಅವಳ ಮೊಣಕಾಲಿಗೆ ನೀರು ಸಿಡಿಸಿ, ವಿಮಾನ ನಿಲ್ದಾಣದ ರಸ್ತೆಗೆ ಹೊರಳಿತು. ಡಾಕ್ಟರು ಅವಳ ಕಡೆ ತಿರುಗಲಿಲ್ಲ.

ಅವರ ಹಿಂದಿನ ಸೀಟಿನಲ್ಲಿ, ಬೆಲ್ಟು ಬಿಗಿದ ಮರದ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿತ್ತು. ತಿರುವಿನಲ್ಲಿ ಕಂಬಳಿ ಒಂದು ಮೂಲೆಯಲ್ಲಿ ಸರಿಯಿತು. ಹಳದಿ ಕಣ್ಣೊಂದು ರೆಪ್ಪೆ ಬಡಿಯದೆ ವಂದನಾಳನ್ನೇ ನೋಡುತ್ತ ದೂರವಾಯಿತು.